ಕೇಬಲ್ ಎಲ್ಲಿ ತುಂಡಾಯಿತು? ಬೆಳಕೇ ಹೇಳುತ್ತದೆ

ಬೀದರ್‌ನಿಂದ ಔರಾದ್‌ಗೆ ಸುಮಾರು 40 ಕಿಲೋಮೀಟರ್, ಭಾಲ್ಕಿಗೂ ಹೆಚ್ಚುಕಡಿಮೆ ಅಷ್ಟೇ. ಇಷ್ಟು ದೂರದ ಆಪ್ಟಿಕಲ್ ಫೈಬರ್ ಕೇಬಲ್ ಎಲ್ಲೋ ಒಂದು ಕಡೆ ಜೆಸಿಬಿ ಹಲ್ಲಿಗೆ ಸಿಕ್ಕರೆ ಸಾಕು, ಆಚೆಗಿನ ಊರುಗಳ ಇಂಟರ್‌ನೆಟ್ ನಿಂತುಹೋಗುತ್ತದೆ. ಭಾಲ್ಕಿಯಲ್ಲಿ ನನ್ನ ಚಾಚಾ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿದ್ದಾರೆ. ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿಗಳ ಕೊನೆಯ ದಿನಗಳಲ್ಲೇ ಎರಡು ದಿನ ಲೈನ್ ಇರಲಿಲ್ಲ. ಜಾಯಿಂಟ್ ಹಾಕುವ ಕೆಲಸ ಕೆಲವೇ ಗಂಟೆಗಳದ್ದು. ಉಳಿದ ಸಮಯವೆಲ್ಲ ತುಂಡಾದ ಜಾಗ ಹುಡುಕುವುದರಲ್ಲಿ ಹೋಯಿತು. ಕಾಮರ್ಸ್ ಓದುವ ನನ್ನ ಲೆಕ್ಕದಲ್ಲಿ ದೊಡ್ಡ ಖರ್ಚು ದುರಸ್ತಿಯದಲ್ಲ, ಹುಡುಕಾಟದ್ದು.

ನಮ್ಮ ನೌಬಾದ್‌ನ ಸುರಂಗ ಬಾವಿ, ಅಂದರೆ ಕರೇಜ್, ನೀವು ನೋಡಿರಬಹುದು. ನೆಲದಡಿಯ ಆ ನೀರಿನ ಕಾಲುವೆಗೆ ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿಗಳಿವೆ. ಒಂದು ಕಿಂಡಿಯಲ್ಲಿ ನೀರು ಹರಿಯುತ್ತಿದ್ದು ಮುಂದಿನದರಲ್ಲಿ ಇಲ್ಲವಾದರೆ, ಅಡಚಣೆ ಆ ಎರಡರ ನಡುವೆ ಇದೆ. ಕೇಬಲ್‌ನಲ್ಲೂ ಹೀಗೆ ಒಂದೊಂದೇ ಜಾಯಿಂಟ್ ತೆರೆದು ನೋಡುತ್ತಾ ಹೋಗಬಹುದು, ಆದರೆ ದಿನ ಹಿಡಿಯುತ್ತದೆ.

ಅದಕ್ಕೇ ಇರುವುದು ಓಟಿಡಿಆರ್ ಎಂಬ ಯಂತ್ರ. ಇದು ಕೇಬಲ್‌ನ ಒಂದು ತುದಿಯಿಂದ ಲೇಸರ್ ಬೆಳಕಿನ ಚಿಕ್ಕ ಮಿಡಿತವನ್ನು ಕಳಿಸುತ್ತದೆ. ಗಾಜಿನೊಳಗೆ ಹೋಗುವಾಗ ಬೆಳಕಿನ ಅತಿ ಸಣ್ಣ ಪಾಲು ದಾರಿಯುದ್ದಕ್ಕೂ ಹಿಂದಕ್ಕೆ ಚದುರುತ್ತಿರುತ್ತದೆ. ತುಂಡಾದ ಜಾಗದ ಆಚೆಯಿಂದ ಏನೂ ವಾಪಸ್ ಬರುವುದಿಲ್ಲ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಹಿಂದಿರುಗುವ ಬೆಳಕು 270 ಮೈಕ್ರೋಸೆಕೆಂಡಿಗೆ ನಿಂತುಹೋದರೆ, ಹೋಗಿ ಬಂದ ದೂರ 54 ಕಿಲೋಮೀಟರ್. ಅರ್ಧ ಮಾಡಿ: ಕೇಬಲ್ ತುಂಡಾದದ್ದು 27ನೇ ಕಿಲೋಮೀಟರಿನಲ್ಲಿ. ಸೈನ್ಸ್‌ನವರಷ್ಟೇ ಅಲ್ಲ, ನಾವೂ ಮಾಡಬಹುದಾದ ಲೆಕ್ಕ!

ಈ ಯಂತ್ರವನ್ನು ಕೇಂದ್ರದಲ್ಲೇ ಕಾಯಂ ಕೂರಿಸಿ, ಒಂದು ಸ್ವಿಚ್ ಮೂಲಕ ಹಲವು ಫೈಬರ್‌ಗಳನ್ನು ಸರದಿಯಂತೆ ಹಗಲೂ ರಾತ್ರಿ ಪರೀಕ್ಷಿಸುವುದೇ ದೂರದ ನಿಗಾ ವ್ಯವಸ್ಥೆ. ಮಾಹಿತಿ ಹೆಚ್ಚಾಗಿ 1310 ಅಥವಾ 1550 ನ್ಯಾನೋಮೀಟರ್ ಬೆಳಕಿನಲ್ಲಿ ಸಾಗುತ್ತದೆ. ಪರೀಕ್ಷೆಗೆ 1625 ಅಥವಾ 1650 ಬಳಸುವುದರಿಂದ ಇಂಟರ್‌ನೆಟ್‌ಗೆ ತೊಂದರೆಯಿಲ್ಲ. ಈ ಉದ್ದದ ತರಂಗಕ್ಕೆ ಕೇಬಲ್‌ನ ಬಾಗುವಿಕೆ ಬೇಗ ತಿಳಿಯುತ್ತದೆ. ಹಾಗಾಗಿ ಎಲ್ಲಾದರೂ ಫೈಬರ್ ಬಾಗಿ ಒತ್ತಡಕ್ಕೆ ಸಿಕ್ಕಿದ್ದರೆ, ತುಂಡಾಗುವ ಮೊದಲೇ ಗೊತ್ತಾಗಬಹುದು.

ಒಂದು ತೊಡಕಿದೆ. ಯಂತ್ರ ಹೇಳುವುದು ಫೈಬರ್‌ನ ಉದ್ದ, ರಸ್ತೆಯ ಉದ್ದವಲ್ಲ. ಜಾಯಿಂಟ್‌ಗಳ ಬಳಿ ಕೇಬಲ್ ಸುತ್ತಿ ಇಟ್ಟಿರುತ್ತಾರೆ. ಕೇಬಲ್ ಹಾಕಿದ ದಿನವೇ ಸರಿಯಾದ ನಕ್ಷೆ ಬರೆದಿಡದಿದ್ದರೆ 27ನೇ ಕಿಲೋಮೀಟರ್ ಯಾವ ಹೊಲದ ಪಕ್ಕ ಎಂದು ಯಾರಿಗೆ ಗೊತ್ತು? ಲೆಕ್ಕಪತ್ರದಲ್ಲಿ ವೋಚರ್ ಇದ್ದಂತೆ ಇಲ್ಲಿ ನಕ್ಷೆ.

ಗ್ರಾಮ ಪಂಚಾಯತಿಗಳಿಗೆ ಫೈಬರ್ ಮುಟ್ಟಿಸುವ ಭಾರತ್‌ನೆಟ್‌ನ ಪರಿಷ್ಕೃತ ಯೋಜನೆಗೆ ಕೇಂದ್ರ ಸಂಪುಟ 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಈ ನಿಗಾ ವ್ಯವಸ್ಥೆಯೂ ಇದೆ, 10 ವರ್ಷದ ನಿರ್ವಹಣೆಯೂ ಇದೆ. ಕೇಬಲ್‌ಗಳನ್ನು ಉಂಗುರದಂತೆ ಜೋಡಿಸುವುದರಿಂದ ಒಂದು ಕಡೆ ತುಂಡಾದರೂ ಮಾಹಿತಿ ಇನ್ನೊಂದು ಕಡೆಯಿಂದ ತಲುಪುತ್ತದೆ. ಔರಾದ್‌ನಂಥ ಗಡಿ ತಾಲ್ಲೂಕಿನ ಪಂಚಾಯತಿಗಳಿಗೆ ಇದೇ ಹೆಚ್ಚು ಮುಖ್ಯ ಎಂದು ನನಗನಿಸುತ್ತದೆ. ಅದೇ ವರ್ಷ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಕೂಡ ಬಂತು. ಅಗೆಯುವವರು ಮೊದಲೇ ತಿಳಿಸಿದರೆ, ಅಲ್ಲಿ ಕೇಬಲ್ ಅಥವಾ ಪೈಪ್ ಇರುವ ಸಂಸ್ಥೆಗಳಿಗೆ ಸುದ್ದಿ ಹೋಗುತ್ತದೆ. ನಿಮ್ಮ ಮನೆಯವರಲ್ಲಿ ಯಾರಾದರೂ ಜೆಸಿಬಿ ಗುತ್ತಿಗೆದಾರರಿದ್ದರೆ ಅವರ ಫೋನಿನಲ್ಲಿ ಈ ಆ್ಯಪ್ ಹಾಕಿಕೊಡಿ.