ನಿದ್ದೆಯಲ್ಲಿ ನಮ್ಮನ್ನು ಎಬ್ಬಿಸುವವರು ಯಾರು?

ದೀಪಾವಳಿಯ ರಾತ್ರಿ. ಬೀದಿಯಲ್ಲಿ ಪಟಾಕಿ ಢಂ ಢಂ ಎನ್ನುತ್ತಿದೆ. ಒಳಗೆ ಚಾಪೆಯ ಮೇಲೆ ಮಲಗಿರುವ ಆರು ವರ್ಷದ ತಮ್ಮ ಮಗ್ಗುಲನ್ನೂ ಬದಲಾಯಿಸುವುದಿಲ್ಲ. ಅದೇ ಮನೆಯಲ್ಲಿ ತೊಟ್ಟಿಲ ಕೂಸು ಒಮ್ಮೆ ‘ಊಂ’ ಎಂದರೆ ಸಾಕು, ನಿದ್ದೆಯಲ್ಲಿದ್ದ ತಾಯಿ ಥಟ್ಟನೆ ಎದ್ದು ಕೂರುತ್ತಾಳೆ. ಪಟಾಕಿಯ ಸದ್ದು ದೊಡ್ಡದು, ಕೂಸಿನ ಸದ್ದು ಸಣ್ಣದು. ಇದು ಹೇಗೆ ಸಾಧ್ಯ?

ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ನಾವು ಮಲಗಿದಾಗಲೂ ಶಬ್ದದ ಅಲೆಗಳು ಕಿವಿಯ ತಮಟೆಯನ್ನು ಬಡಿಯುತ್ತಲೇ ಇರುತ್ತವೆ. ಅಲ್ಲಿಂದ ಮೂರು ಪುಟ್ಟ ಮೂಳೆಗಳು, ಬಸವನಹುಳುವಿನ ಚಿಪ್ಪಿನಂತಿರುವ ಕಾಕ್ಲಿಯ, ಶ್ರವಣ ನರ, ಹೀಗೆ ಸಂದೇಶ ಮಿದುಳಿಗೆ ಸಾಗುತ್ತದೆ. ಮಿದುಳಿನ ಒಳಗಿರುವ ಥಲಾಮಸ್ ಎಂಬ ಭಾಗ ಬಾಗಿಲು ಕಾಯುವವನಿದ್ದಂತೆ. ನಿದ್ದೆ ಗಾಢವಾದಷ್ಟೂ ಅದು ಹೆಚ್ಚು ಸಂದೇಶಗಳನ್ನು ತಡೆಯುತ್ತದೆ. ಆದರೆ ಬಾಗಿಲನ್ನು ಪೂರ್ತಿ ಮುಚ್ಚುವುದಿಲ್ಲ.

ಇಯಾನ್ ಓಸ್ವಾಲ್ಡ್ ಮತ್ತು ಸಂಗಡಿಗರು 1960ರಲ್ಲಿ ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಮಲಗಿದವರಿಗೆ ಟೇಪಿನಲ್ಲಿ ಸಾಲುಸಾಲಾಗಿ ಹೆಸರುಗಳನ್ನು ಕೇಳಿಸಿದರು. ತಲೆಗೆ ಅಂಟಿಸಿದ ತಂತಿಗಳು ಮಿದುಳಿನ ವಿದ್ಯುತ್ ಅಲೆಗಳನ್ನು ಕಾಗದದ ಮೇಲೆ ಬರೆಯುತ್ತಿದ್ದವು. ಬೇರೆಯವರ ಹೆಸರಿಗಿಂತ ಸ್ವಂತ ಹೆಸರು ಬಂದಾಗ ಅಲೆಗಳು ಹೆಚ್ಚಾಗಿ ಎದ್ದವು. ಅಂದರೆ ಮಲಗಿರುವ ಮಿದುಳು ಸದ್ದನ್ನು ಕೇಳುವುದಷ್ಟೇ ಅಲ್ಲ, ಅದು ತನಗೆ ಮುಖ್ಯವೇ ಎಂದು ಅಳೆಯುತ್ತದೆ ಕೂಡ!

ಮಕ್ಕಳ ನಿದ್ದೆ ದೊಡ್ಡವರ ನಿದ್ದೆಗಿಂತ ಗಾಢ. ಇದರಿಂದ ಅಪಾಯವೂ ಉಂಟು. ಅಮೆರಿಕದ ಅನೇಕ ಮನೆಗಳಲ್ಲಿ ಹೊಗೆ ಬಂದರೆ ಕಿರುಚುವ ಎಚ್ಚರಿಕೆ ಗಂಟೆ ಇರುತ್ತದೆ. ಓಹಿಯೊ ರಾಜ್ಯದ ಕೊಲಂಬಸ್ ನಗರದ ಸಂಶೋಧಕರು 6ರಿಂದ 12 ವರ್ಷದ 24 ಮಕ್ಕಳನ್ನು ಗಾಢ ನಿದ್ದೆಯಲ್ಲಿರುವಾಗ ಪರೀಕ್ಷಿಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಟೆಯ ಕೀಚಲು ಸದ್ದಿಗೆ ಎದ್ದವರು 14 ಮಂದಿ ಮಾತ್ರ. ಮಗುವಿನ ಹೆಸರು ಹಿಡಿದು ಎಬ್ಬಿಸುವ ತಾಯಿಯ ಧ್ವನಿಯನ್ನು ಕೇಳಿಸಿದಾಗ 23 ಮಂದಿ ಎದ್ದರು. ಎಲ್ಲಕ್ಕಿಂತ ಮುಖ್ಯವಾಗಿ ಸಮಯ ನೋಡಿ. ಗಂಟೆಗೆ ಏಳಲು ಸುಮಾರು 3 ನಿಮಿಷ ಬೇಕಾದರೆ, ಧ್ವನಿಗೆ ಸುಮಾರು 20 ಸೆಕೆಂಡು ಸಾಕಾಯಿತು. ಬೆಂಕಿ ಹತ್ತಿದ ಮನೆಯಲ್ಲಿ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ನೀವೇ ಯೋಚಿಸಿ.

ಈಗ ಇನ್ನೊಂದು ಸದ್ದಿಗೆ ಬರೋಣ. ಅದು ಗೊರಕೆ. ಗೊರಕೆ ಹೊಡೆಯುವವನ ಕಿವಿ ಅವನ ಮೂಗಿನ ಪಕ್ಕದಲ್ಲೇ ಇದೆ. ಆದರೂ ಮನೆಯವರೆಲ್ಲ ಎದ್ದು ಕೂತರೂ ಅವನಿಗೆ ಸಾಮಾನ್ಯವಾಗಿ ಎಚ್ಚರವಾಗುವುದಿಲ್ಲ. ಮಿದುಳಿಗೆ ಅದು ಹೊಸ ಸುದ್ದಿಯೇ ಅಲ್ಲ.

ನೆಗಡಿಯಾದಾಗ ಗೊರಕೆ ಬಂದರೆ ಚಿಂತೆಯಿಲ್ಲ. ಆದರೆ ಕೆಲವು ಮಕ್ಕಳಲ್ಲಿ ಗಂಟಲಿನ ಟಾನ್ಸಿಲ್ ಮತ್ತು ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿಗಳು ದೊಡ್ಡದಾಗಿರುತ್ತವೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾದಾಗ ಉಸಿರಿನ ದಾರಿ ಮುಚ್ಚಿಹೋಗುತ್ತದೆ. ಎದೆ ಏರಿಳಿಯುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ! ಇದೇ ಸ್ಲೀಪ್ ಏಪ್ನಿಯ. ನೂರು ಮಕ್ಕಳಲ್ಲಿ 1ರಿಂದ 5 ಮಕ್ಕಳಿಗೆ ಈ ತೊಂದರೆ ಇರುತ್ತದೆಂದು ವೈದ್ಯರು ಅಂದಾಜು ಮಾಡಿದ್ದಾರೆ. ದೊಡ್ಡವರಲ್ಲಿ ಉಸಿರು 10 ಸೆಕೆಂಡು ನಿಂತರೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಮಕ್ಕಳಲ್ಲಿ ಎರಡು ಉಸಿರಾಡುವಷ್ಟು ಹೊತ್ತು ನಿಂತರೂ ಲೆಕ್ಕಕ್ಕೆ ಬರುತ್ತದೆ.

ಆಗ ಮಗುವನ್ನು ಎಬ್ಬಿಸುವವರು ಯಾರು? ಹೊರಗಿನ ಸದ್ದಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ಏರುತ್ತದೆ. ಇದು ಒಳಗಿನ ಎಚ್ಚರಿಕೆ ಗಂಟೆ. ಮಿದುಳು ಅರೆ ಎಚ್ಚರವಾಗಿ ಗಂಟಲಿನ ಸ್ನಾಯುಗಳನ್ನು ಬಿಗಿ ಮಾಡುತ್ತದೆ. ‘ಹಕ್’ ಎಂದು ಉಸಿರು ಮತ್ತೆ ಬರುತ್ತದೆ. ಬೆಳಿಗ್ಗೆ ಮಗುವಿಗೆ ಇದಾವುದೂ ನೆನಪಿರುವುದಿಲ್ಲ. ಪಟಾಕಿಗೆ ಏಳದ ಮಕ್ಕಳು ಈ ಒಳಗಿನ ಗಂಟೆಗೂ ಸುಲಭವಾಗಿ ಏಳುವುದಿಲ್ಲ. ಎಷ್ಟೋ ಸಲ ಮಿದುಳಿನ ಅಲೆಗಳಲ್ಲಿ ಎಚ್ಚರದ ಗುರುತೇ ಕಾಣದೆ ಉಸಿರು ಮರಳುತ್ತದೆ. ಆದ್ದರಿಂದಲೇ ಮಗು ರಾತ್ರಿಯಿಡೀ ಚೆನ್ನಾಗಿ ಮಲಗಿತ್ತೆಂದು ಮನೆಯವರು ತಿಳಿಯುತ್ತಾರೆ.

ನಿದ್ದೆ ಸಾಲದೆ ಹೋದವರನ್ನು ಎಬ್ಬಿಸಲು ಇನ್ನೂ ದೊಡ್ಡ ಸದ್ದು ಬೇಕು. ಬೆಳಿಗ್ಗೆ ಹತ್ತು ಸಲ ಕೂಗಿದರೂ ಏಳದ ಹುಡುಗನನ್ನು ನಾವು ‘ಕುಂಭಕರ್ಣ’ ಎಂದು ನಗುತ್ತೇವೆ. ತರಗತಿಯಲ್ಲಿ ತೂಕಡಿಸಿದರೆ ಸೋಮಾರಿ ಎನ್ನುತ್ತೇವೆ. ಇಂಥ ಕೆಲವು ಮಕ್ಕಳು ತೂಕಡಿಸುವುದೂ ಇಲ್ಲ. ಕೂತಲ್ಲಿ ಕೂರದೆ, ಪಾಠದಲ್ಲಿ ಮನಸ್ಸಿಡಲಾಗದೆ, ತುಂಟರೆನಿಸಿಕೊಂಡು ಬೈಸಿಕೊಳ್ಳುತ್ತಾರೆ. ಮೇಷ್ಟರುಗಳಾದ ನಾವೂ ಇದನ್ನು ಗಮನಿಸಬೇಕು.

ಇದಕ್ಕೆ ಚಿಕಿತ್ಸೆಯಿದೆ. ಅಮೆರಿಕದಲ್ಲಿ 5ರಿಂದ 9 ವರ್ಷದ 464 ಮಕ್ಕಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆಸಿಕೊಂಡ ಮಕ್ಕಳಲ್ಲಿ 7 ತಿಂಗಳ ನಂತರ ನೂರಕ್ಕೆ 79 ಮಂದಿಯ ನಿದ್ದೆಯ ಪರೀಕ್ಷೆ ಸರಿಯಾಗಿತ್ತು. ಶಸ್ತ್ರಚಿಕಿತ್ಸೆಯಿಲ್ಲದೆ ಕಾದವರಲ್ಲೂ ನೂರಕ್ಕೆ 46 ಮಂದಿ ಸರಿಯಾಗಿದ್ದರು. ಹಾಗಾಗಿ ಯಾವ ಮಗುವಿಗೆ ಏನು ಬೇಕೆಂದು ವೈದ್ಯರೇ ನಿರ್ಧರಿಸಬೇಕು.

ಮನೆಯಲ್ಲಿ ಹೀಗೆ ಮಾಡಿ. ನೆಗಡಿ ಇಲ್ಲದಿದ್ದರೂ ತಮ್ಮನೋ ತಂಗಿಯೋ ಹೆಚ್ಚಿನ ರಾತ್ರಿಗಳಲ್ಲಿ ಜೋರಾಗಿ ಗೊರಕೆ ಹೊಡೆದು, ನಡುವೆ ನಿಶ್ಶಬ್ದವಾಗಿ, ಮತ್ತೆ ಗಕ್ಕನೆ ಉಸಿರೆಳೆದರೆ ಅಮ್ಮನಿಗೋ ಅಪ್ಪನಿಗೋ ತೋರಿಸಿ. ಅವರು ಮೊಬೈಲಿನಲ್ಲಿ ಒಂದೆರಡು ನಿಮಿಷದ ವಿಡಿಯೊ ತೆಗೆದು ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಲಿ. ಸದ್ದೂ ಕೇಳಬೇಕು, ಎದೆ ಏರಿಳಿಯುವುದೂ ಕಾಣಬೇಕು. ಹೊದಿಕೆ ಸ್ವಲ್ಪ ಸರಿಸಿರಬೇಕು.