ಕುಟುಂಬದ ಪ್ರಯಾಣವೂ ಮೈಬಣ್ಣದ ನಾಚಿಕೆಯೂ

ಯಲಹಂಕ, ಹೆಬ್ಬಾಳ, ಯಶವಂತಪುರಗಳ ಸುತ್ತಲಿನ ಹಳ್ಳಿಗಳು ಬಹುಮಟ್ಟಿಗೆ ಬೆಂಗಳೂರು ಪಟ್ಟಣದೊಳಗೆ ಸೇರಿಹೋಗಿರುವದನ್ನು ನೀವು ಬಲ್ಲಿರಿ. ರಾಗಿಯ ಹೊಲಗಳಿದ್ದಲ್ಲಿ ಎತ್ತರವಾದ ಮನೆಗಳು ಎದ್ದಿವೆ. ನಾನಾ ಸೀಮೆಗಳವರು ಬಂದು ನೆಲಸಿದ್ದಾರೆ. ಇದರಿಂದ ನಮ್ಮ ಮನೆಗಳಲ್ಲಿ ಒಂದು ದುಃಖವು ಹೆಚ್ಚಿದೆ. ಮಕ್ಕಳು ಶಾಲೆಯಿಂದ ಬಂದು, ತಮ್ಮ ಬಣ್ಣ ಕಪ್ಪೆಂದೂ ಮಾತು ಒರಟೆಂದೂ ಬುತ್ತಿಯಲ್ಲಿರುವದು ರಾಗಿರೊಟ್ಟಿಯೆಂದೂ ನಾಚಿಕೊಳ್ಳುತ್ತಾರೆ. ಹೆಣ್ಣುಮಕ್ಕಳಿಗೆ ಮದುವೆಯ ಮಾತು ಬಂದಾಗಲಂತೂ ಈ ನೋವು ಅಧಿಕ. ಕೆಲವು ತಾಯಂದಿರು ಮೈಯನ್ನು ಬೆಳ್ಳಗೆ ಮಾಡುವದೆಂಬ ಲೇಪಗಳನ್ನು ಅಂಗಡಿಯಿಂದ ತಂದು ಹಚ್ಚುತ್ತಾರೆ. ಅದರಿಂದ ಕರಗುವದು ಕೈಯಲ್ಲಿದ್ದ ಹಣವೇ.

ಈ ನಾಚಿಕೆಗೆ ಬುದ್ಧಿವಾದದಿಂದ ಹೆಚ್ಚು ಪ್ರಯೋಜನವಾಗದು. ತಂದೆತಾಯಿಗಳು ಮಕ್ಕಳನ್ನು ಕರಕೊಂಡು ಬೇರೆ ಜನಗಳ ನಡುವೆ ನಾಲ್ಕು ದಿವಸ ಇದ್ದುಬರುವದು ಅದಕ್ಕಿಂತ ಮೇಲೆಂದು ನಮಗೆ ತೋರುತ್ತದೆ. ಆದರೆ ಎಲ್ಲಾ ಪ್ರಯಾಣವೂ ಹೀಗೆ ಸಹಾಯಮಾಡುವದೆಂದು ಹೇಳಲಾರೆವು. ದೊಡ್ಡ ಪಟ್ಟಣವನ್ನು ನೋಡಿ ಬಂದು ತನ್ನ ಹಳ್ಳಿಯನ್ನು ಹಳಿಯುವವನುಂಟು. ಬಡವರ ಕೇರಿಯನ್ನು ನೋಡಿ ಬಂದು ಉಬ್ಬಿಹೋಗುವವನೂ ಉಂಟು. ಇವರಿಬ್ಬರೂ ಮನೆಯಲ್ಲಿದ್ದ ಅಳತೆಗೋಲನ್ನೇ ಸಂಗಡ ಒಯ್ದು, ಅದನ್ನೇ ಹಿಂದಕ್ಕೆ ತಂದರು. ಹಾಗಾದರೆ ಎಲ್ಲಿಗೆ ಹೋಗಬೇಕು?

ಹೆಬ್ಬಾಳದ ಒಂದು ಮನೆಯವರು ಯಶವಂತಪುರದಲ್ಲಿ ರಾತ್ರಿಯ ರೈಲನ್ನು ಹತ್ತಿದರೆಂದು ಎಣಿಸೋಣ. ಬೆಳಗ್ಗೆ ಹುಬ್ಬಳ್ಳಿಯಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿಗೆ ಹೋಗಬಹುದು. ನಮ್ಮ ನಾಡನ್ನು ಬಿಡದೆಯೇ ಎರಡು ದೂರದೇಶಗಳ ಜನರನ್ನು ಕಾಣಬಹುದಾದ ಸೀಮೆ ಅದು.

ಮೊದಲನೆಯವರು ಟಿಬೆಟಿನವರು. 1959ರಲ್ಲಿ ದಲಾಯಿ ಲಾಮಾ ಅವರು ಹಿಮಾಲಯವನ್ನು ದಾಟಿ ಭಾರತಕ್ಕೆ ಬಂದಾಗ ಸಾವಿರಾರು ಮಂದಿ ಅವರನ್ನು ಹಿಂಬಾಲಿಸಿದರು. ಆಗಿನ ಮೈಸೂರು ರಾಜ್ಯವು ಅವರಿಗೆ ಮೊದಲು ಬೈಲಕುಪ್ಪೆಯಲ್ಲಿಯೂ, 1966ರಲ್ಲಿ ಮುಂಡಗೋಡಿನಲ್ಲಿಯೂ ನೆಲವನ್ನು ಕೊಟ್ಟಿತು. ಲಾಸಾ ಪಟ್ಟಣದ ಬಳಿಯ ಡ್ರೆಪುಂಗ್, ಗಾಂದೆನ್ ಎಂಬ ಮಠಗಳನ್ನು ಅವರು ಇಲ್ಲಿ ಮತ್ತೆ ಕಟ್ಟಿದರು. ಹಿಮದ ಸೀಮೆಯಲ್ಲಿ ಹುಟ್ಟಿದವರು ಇಲ್ಲಿಯ ಸೆಕೆಯಲ್ಲಿ ನಿಂತು ಗೋವಿನಜೋಳವನ್ನು ಬೆಳೆಯಕಲಿತರು. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಕನ್ನಡವನ್ನಾಡುತ್ತಾರೆ. ಹಾಗೆಂದು ತಮ್ಮ ಭಾಷೆಯನ್ನೂ ಉಡುಪನ್ನೂ ಬಿಟ್ಟವರಲ್ಲ. ಎಲ್ಲವನ್ನೂ ಕಳಕೊಂಡು ಬಂದವರು ತಮ್ಮ ನುಡಿಗೆ ನಾಚದಿರುವದನ್ನು ನಮ್ಮ ಹುಡುಗರು ಕಣ್ಣಾರೆ ನೋಡಲಿ.

ಎರಡನೆಯವರು ಸಿದ್ದಿಯರು. ಮುಂಡಗೋಡು, ಯಲ್ಲಾಪುರ, ಹಳಿಯಾಳ ತಾಲ್ಲೂಕುಗಳ ಕಾಡಿನಂಚಿನಲ್ಲಿ ಇವರ ಊರುಗಳಿವೆ. ಪೋರ್ತುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ದಾಸರಾಗಿ ತರಲ್ಪಟ್ಟವರಲ್ಲಿ ಅನೇಕರು ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡನ್ನು ಸೇರಿದರು. ಅವರ ಸಂತತಿಯವರೇ ಇವರು. ಇವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಸ್ತ್ರೀಯರು ಹಳೇ ಸೀರೆ ಅಂಗಿಗಳ ತುಂಡುಗಳನ್ನು ಕೂಡಿಸಿ ಹೊಲಿಯುವ ಕೌದಿಯು ಬಹಳ ಸೊಗಸಾದದ್ದು. ಅದರ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಹೂವಿನಂತೆ ಹೊಲಿಯುತ್ತಾರೆ. ಈ ಹೂವುಗಳಿಲ್ಲದ ಕೌದಿಯನ್ನು ಅವರು ಮುಗಿದದ್ದೆಂದು ಎಣಿಸರು. ನಮ್ಮ ಅಜ್ಜಿಯರೂ ಹಳೇ ಸೀರೆಗಳನ್ನು ಹೊಲಿದು ಹೊದಿಕೆ ಮಾಡುತ್ತಿದ್ದರಲ್ಲವೋ?

2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿಸಲ್ಪಟ್ಟರು. 2020ರಲ್ಲಿ ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನೇಮಕವಾದರು. ಆದರೂ ಸಿದ್ದಿಯರು ಪಟ್ಟಣಕ್ಕೆ ಬಂದರೆ, ಯಾವ ದೇಶದವರೆಂದು ಅವರನ್ನು ಕೇಳುವವರು ಈಗಲೂ ಇದ್ದಾರೆ. ಕನ್ನಡದಲ್ಲಿ ಉತ್ತರ ಬಂದರೆ ಬೆರಗಾಗುತ್ತಾರೆ. ಹುಟ್ಟಿದ ಊರಿನಲ್ಲೇ ಹೊರಗಿನವರೆಂದು ಎಣಿಸಲ್ಪಡುವದು ಎಂಥಾ ನೋವೆಂಬದು ನಮ್ಮ ಸಭೆಗಳವರಿಗೆ ತಿಳಿಯದ ಸಂಗತಿಯಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ತನಗಿಂತ ಕಪ್ಪಾದವರನ್ನು ನೋಡಿ ಸಮಾಧಾನಪಡಲಿಕ್ಕೆ ಮಗಳನ್ನು ಅಲ್ಲಿಗೆ ಕರಕೊಂಡು ಹೋಗುವದಾದರೆ, ಮನೆಯಲ್ಲೇ ಇರುವದು ಉತ್ತಮ. ಸಿದ್ದಿಯರು ನಮ್ಮ ನಾಚಿಕೆಗೆ ಔಷಧವಾಗಿ ಇರುವವರಲ್ಲ. ಅವರ ಕೂದಲನ್ನು ಮುಟ್ಟಿ ನೋಡುವದು, ಕೇಳದೆ ಚಿತ್ರ ತೆಗೆಯುವದು, ಕುಣಿದು ತೋರಿಸಿರೆನ್ನುವದು, ಇವೆಲ್ಲಾ ಅತಿಥಿಗಳ ನಡತೆಯಲ್ಲ. ಕೌದಿ ಬೇಕಾದರೆ ಕೇಳಿದ ಬೆಲೆಯನ್ನು ಕೊಡಿರಿ. ಎಷ್ಟು ದಿವಸಗಳ ಹೊಲಿಗೆಯೆಂದು ಮೊದಲು ವಿಚಾರಿಸಿದರೆ ಚೌಕಾಸಿಮಾಡಲು ಬಾಯಿ ಬಾರದು. ಅವರ ಜಗಲಿಯಲ್ಲಿ ಕೂತು ಮಳೆಬೆಳೆಯ ಮಾತಾಡುತ್ತಿರುವಾಗ, ಯಾರೂ ತನ್ನ ಬಣ್ಣವನ್ನು ಅಳೆಯುತ್ತಿಲ್ಲವೆಂಬದು ಹುಡುಗಿಗೆ ತಾನಾಗಿ ತಿಳಿದೀತು.

ಮೋಶೆಯು ಕೂಷ್ ದೇಶದ ಸ್ತ್ರೀಯನ್ನು ಮದುವೆಯಾದದ್ದನ್ನು ಅವನ ಅಕ್ಕನಾದ ಮಿರ್ಯಾಮಳು ಆಡಿಕೊಂಡ ಸಂಗತಿ ಅರಣ್ಯಕಾಂಡದ 12ನೆಯ ಅಧ್ಯಾಯದಲ್ಲಿದೆ. ಕೂಷ್ ಎಂಬದು ಐಗುಪ್ತದ ತೆಂಕಣದ ಕಪ್ಪುಜನರ ಸೀಮೆ. ಆಡಿಕೊಂಡವಳಿಗೆ ಬಂದದ್ದು ಮೈಯೆಲ್ಲಾ ಬೆಳ್ಳಗಾಗುವ ರೋಗ. ಲೇಪ ಹಚ್ಚುವ ತಾಯಂದಿರು ಆ ಅಧ್ಯಾಯವನ್ನು ಪೂರ್ತಿಯಾಗಿ ಓದಿಕೊಳ್ಳಲಿ.

ಬುತ್ತಿಯಲ್ಲಿದ್ದ ರಾಗಿಯ ಮಾತೂ ಉಳಿದದೆ. ರಾಗಿಯು ನಮ್ಮ ನೆಲದಲ್ಲೇ ಹುಟ್ಟಿದ ಬೆಳೆಯೆಂದು ಎಣಿಸುತ್ತೇವೆ. ಆದರೆ ಅದರ ತೌರು ಪೂರ್ವ ಆಫ್ರಿಕದ ಎತ್ತರದ ಸೀಮೆ. ಸಾವಿರಾರು ವರುಷಗಳ ಹಿಂದೆ ಅದು ಇಲ್ಲಿಗೆ ಬಂತು. ಮಂಡ್ಯದ ವಿ.ಸಿ. ಫಾರಮಿನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ತಳಿ ಕೂಡಿಸಿ ಹೆಚ್ಚು ಇಳುವರಿಯ ಬೀಜವನ್ನು ಪಡೆದರು. ಇಂಡಿಯ, ಆಫ್ರಿಕ ಎಂಬೆರಡು ಹೆಸರುಗಳು ಸೇರಿ ಅದಕ್ಕೆ ಇಂಡಾಫ್ ಎಂಬ ಹೆಸರಾಯಿತು. ನಮ್ಮ ಹಿರಿಯ ರೈತರಲ್ಲಿ ಅನೇಕರು ಆ ಬೀಜವನ್ನು ಬಿತ್ತಿದವರೇ. ಯಾವದಕ್ಕೆ ಮಕ್ಕಳು ಶಾಲೆಯಲ್ಲಿ ನಾಚಿದರೋ ಅದು ಸಮುದ್ರವನ್ನು ದಾಟಿಬಂದ ಧಾನ್ಯ.

ಹೋದಲ್ಲಿ ಅವರೂ ನಿಮ್ಮನ್ನು ವಿಚಾರಿಸುವರು: ನಿಮ್ಮ ಊರು ಯಾವದು, ಅದು ಎಂಥಾದ್ದು? ಬೆಂಗಳೂರೆಂದು ಹೇಳಿ ಸುಮ್ಮನಾಗಬೇಡಿರಿ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಒಂದು ವೀರಗಲ್ಲು ಉಂಟು. ಗಂಗರ ಅರಸನಾದ ಶ್ರೀಪುರುಷನ ಕಾಲದಲ್ಲಿ, ಸುಮಾರು 750ನೆಯ ಇಸವಿಯಲ್ಲಿ, ಹೋರಾಡಿ ಮಡಿದ ಕಿತ್ತಯ್ಯನೆಂಬವನ ಹೆಸರು ಅದರಲ್ಲಿ ಕನ್ನಡದಲ್ಲೇ ಕೆತ್ತಲ್ಪಟ್ಟಿದೆ. ಯಲಹಂಕದ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸುವದಕ್ಕೆ ಸುಮಾರು ಎಂಟುನೂರು ವರುಷ ಮುಂಚಿನ ಮಾತಿದು. ಒರಟೆಂದು ಹಳಿಯಲ್ಪಡುವ ನಮ್ಮ ನುಡಿಯನ್ನು ಅಷ್ಟು ಹಿಂದೆಯೇ ಆ ಊರಿನವರು ಕಲ್ಲಿನಲ್ಲಿ ಬರೆಯಿಸಿಟ್ಟರು. ಪ್ರಯಾಣಕ್ಕೆ ಮುಂಚೆ ಈ ಸಂಗತಿಯನ್ನು ಮಕ್ಕಳಿಗೆ ಹೇಳಿಕೊಟ್ಟು, ಉತ್ತರವನ್ನು ಅವರ ಬಾಯಿಂದಲೇ ಬರಗೊಡಿಸಿರಿ.

ಆ ಸೀಮೆಯಲ್ಲಿ ಮಳೆ ಜೋರು. ಆದಕಾರಣ ಸುಗ್ಗಿ ಮುಗಿದ ಮೇಲೆ ಹೊರಡುವದು ಅನುಕೂಲ. ಬುತ್ತಿಗೆ ರಾಗಿರೊಟ್ಟಿಯನ್ನೇ ಕಟ್ಟಿಕೊಳ್ಳಿರಿ. ಹುಬ್ಬಳ್ಳಿಯ ವರೆಗೂ ಕೆಡದು.