ಪಕ್ಕದ ಸೈಟಿನ ಗಿಡ, ನಿಲ್ಲದ ಸೀನು

ಪ್ರಶ್ನೆ: ವಯಸ್ಸು 34, ಬೆಂಗಳೂರು. ಪಕ್ಕದ ಖಾಲಿ ಸೈಟಿನ ತುಂಬ ಕಾಂಗ್ರೆಸ್ ಗಿಡ. ಮಳೆಗಾಲ ಬಂತೆಂದರೆ ಬೆಳಗ್ಗೆ ಸಾಲುಸಾಲು ಸೀನು, ಕಣ್ಣು ತುರಿಕೆ. ಮೂಗಿನ ಡ್ರಾಪ್ಸ್ ಹಾಕದೆ ನಿದ್ದೆ ಬರುವುದಿಲ್ಲ. ಪರಿಹಾರವೇನು?

ಉತ್ತರ: ಮೊದಲು ಡ್ರಾಪ್ಸ್ ಬಾಟಲಿಯ ಚೀಟಿ ಓದಿ. ಕ್ಸೈಲೋಮೆಟಾಜೋಲಿನ್ ಅಥವಾ ಆಕ್ಸಿಮೆಟಾಜೋಲಿನ್ ಎಂದಿದ್ದರೆ ಬಿಡಬೇಕು. ನಾಲ್ಕೈದು ದಿನ ಮೀರಿದರೆ ಮೂಗು ಕಟ್ಟಿಸುವುದು ಆ ಔಷಧವೇ.

ನಿಮ್ಮ ಲಕ್ಷಣಗಳು ಪರಾಗದ ಅಲರ್ಜಿಯನ್ನು ಹೋಲುತ್ತವೆ. ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಇದಕ್ಕೆ ಹೆಸರುವಾಸಿ. ಹೂ ಬಿಡುವ ಮುನ್ನವೇ ಕೀಳಿಸಿ. ಆ ಕೆಲಸಕ್ಕೆ ನೀವು ಇಳಿಯಬೇಡಿ. ಕೀಳುವವರಿಗೂ ಕೈಗವಸು, ಮಾಸ್ಕ್ ಬೇಕು, ಚರ್ಮಕ್ಕೂ ಅದು ಕೆಟ್ಟದ್ದು.

ಸೀನು, ತುರಿಕೆಗೆ ಲೊರಾಟಡಿನ್ ಅಥವಾ ಫೆಕ್ಸೊಫೆನಡಿನ್ ಮಾತ್ರೆ ಆದೀತು. ಸೆಟ್ರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ, ನುಂಗಿ ಗಾಡಿ ಓಡಿಸಬೇಡಿ. ಕಟ್ಟಿದ ಮೂಗಿಗೆ ಹೆಚ್ಚು ಕೆಲಸ ಮಾಡುವುದು ಫ್ಲುಟಿಕಾಸೋನ್‌ನಂಥ ಸ್ಟೀರಾಯ್ಡ್ ಸ್ಪ್ರೇ. ವೈದ್ಯರನ್ನು ಕೇಳಿ ಆರಂಭಿಸಿ. ಎರಡು ದಿನ ನೋಡಿ ಬಿಸಾಡುವವರೇ ಜಾಸ್ತಿ! ಪೂರ್ಣ ಫಲ ಕಾಣಲು ವಾರ, ಎರಡು ವಾರ ಬೇಕು. ತಲೆ ತುಸು ಬಗ್ಗಿಸಿ, ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ ಹೊಡೆಯಿರಿ. ಆಗ ಔಷಧ ನಡುಗೋಡೆಗೆ ತಾಗದೆ ಹೊರಬದಿಗೆ ಹೋಗುತ್ತದೆ.

ಆ ಸೈಟಿನ ಕಡೆಯ ಕಿಟಕಿ ಮುಚ್ಚಿಡಿ. ಹೊರಗಿನಿಂದ ಬಂದು ಮುಖ ತೊಳೆದು ಬಟ್ಟೆ ಬದಲಿಸಿ.

ಉಬ್ಬಸ, ಎದೆ ಬಿಗಿತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಒಂದೇ ಹೊಳ್ಳೆ ಕಟ್ಟುವುದು, ರಕ್ತ, ಜ್ವರ ಇದ್ದರೆ ಇಎನ್‌ಟಿ ತಜ್ಞರಿಗೆ ತೋರಿಸಿ. ಚರ್ಮದ ಅಲರ್ಜಿ ಪರೀಕ್ಷೆಗೆ ಬರೆದುಕೊಟ್ಟರೆ, ಅಲರ್ಜಿ ಮಾತ್ರೆಯನ್ನು ಎಷ್ಟು ದಿನ ಮೊದಲೇ ನಿಲ್ಲಿಸಬೇಕೆಂದು ಕೇಳಿಕೊಳ್ಳಿ.